ವಾಯುಮೂಲೆಗೆ ಸರಿಯುವ ಹಸುಗಳು

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಕೇಳದವರ ಮನೆಯ ಮಕ್ಕಳಾದರೂ ಕೇಳಿರುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿ, 2011ರ ನವೆಂಬರಿನಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಆಟ ಅದು. ಅದರ ಲೋಕವೆಲ್ಲ ಘನಗಳಿಂದ ಕಟ್ಟಿದ್ದು. ನೆಲ, ಕಲ್ಲು, ಮರ ಎಲ್ಲವೂ ಒಂದೊಂದು ಮೀಟರ್ ಬದಿಯ ಘನಗಳು. ಆಟಗಾರರು ಅಲ್ಲಿ ಮನೆ ಕಟ್ಟುತ್ತಾರೆ, ಗೋಧಿ ಬೆಳೆಯುತ್ತಾರೆ, ಬೇಲಿ ಹಾಕಿ ದೊಡ್ಡಿ ಮಾಡಿ ಹಸು, ಕುರಿ, ಹಂದಿ, ಕೋಳಿಗಳನ್ನು ಸಾಕುತ್ತಾರೆ. ಆಟದ ಹಳೆಯ ಆವೃತ್ತಿಗಳಲ್ಲಿ ಹೀಗೆ ಪ್ರಾಣಿ ಸಾಕಿದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ದೊಡ್ಡಿಯ ತುಂಬ ಚದುರಿ ಅಡ್ಡಾಡಬೇಕಾದ ಪ್ರಾಣಿಗಳು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ವಾಯವ್ಯ ಮೂಲೆಯಲ್ಲಿ ಒತ್ತಿಕೊಂಡು ನಿಂತಿರುತ್ತಿದ್ದವು. ಬೇರೆ ಕಡೆ ದೊಡ್ಡಿ ಕಟ್ಟಿದರೂ ಅದೇ ಮೂಲೆ. ಬೇಲಿಯೇ ಇಲ್ಲದ ಬಯಲಿನಲ್ಲಿ ಬಿಟ್ಟರೆ ಹಿಂಡು ನಿಧಾನವಾಗಿ ಅದೇ ದಿಕ್ಕಿಗೆ ಸರಿಯುತ್ತಿತ್ತು. ಆಟಗಾರರು ಇದನ್ನು ದೋಷವೆಂದು ವರದಿ ಮಾಡಿದರು.

ಯಾವ ಹಸುವಿಗೂ 'ವಾಯವ್ಯಕ್ಕೆ ಹೋಗು' ಎಂದು ಯಾರೂ ಹೇಳಿರಲಿಲ್ಲ. ಪ್ರತಿ ಹಸುವಿಗೂ ಇದ್ದ ಆದೇಶ 'ಸುಮ್ಮನೆ ಎಲ್ಲಾದರೂ ಅಡ್ಡಾಡು' ಎಂಬುದಷ್ಟೆ. ಈ 'ಎಲ್ಲಾದರೂ' ಎಂಬುದನ್ನು ಕಂಪ್ಯೂಟರಿಗೆ ಸಂಖ್ಯೆಯಲ್ಲಿ ಹೇಳಬೇಕು. ಪೂರ್ವ–ಪಶ್ಚಿಮ ದಿಕ್ಕಿಗೆ ಒಂದು ಸಂಖ್ಯೆ, ಉತ್ತರ–ದಕ್ಷಿಣ ದಿಕ್ಕಿಗೆ ಇನ್ನೊಂದು. ಆ ಆಟದಲ್ಲಿ ಪಶ್ಚಿಮವೂ ಉತ್ತರವೂ ಋಣ ದಿಕ್ಕುಗಳು. ಪೂರ್ವವೂ ದಕ್ಷಿಣವೂ ಧನ. ಹಸು ಹತ್ತು ಘನಗಳಷ್ಟು ದೂರದೊಳಗೆ ಎಲ್ಲಿಗಾದರೂ ಹೋಗಲಿ ಎಂಬುದು ಉದ್ದೇಶ. ಅದಕ್ಕೆ ಬರೆದಿದ್ದ ಸೂತ್ರ ಇಷ್ಟು: 20 ಸಂಖ್ಯೆಗಳಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಆರಿಸು, ಅದರಿಂದ 10 ಕಳೆ.

ನೋಡಲು ಸರಿಯಾಗಿಯೇ ಇದೆ. ಆದರೆ ಕಂಪ್ಯೂಟರ್ ಆರಿಸುವ 20 ಸಂಖ್ಯೆಗಳು 0ಯಿಂದ ಶುರುವಾಗಿ 19ಕ್ಕೆ ಮುಗಿಯುತ್ತವೆ. ಅವುಗಳಿಂದ 10 ಕಳೆದರೆ −10ರಿಂದ 9ರವರೆಗಿನ ಸಂಖ್ಯೆಗಳು ಬರುತ್ತವೆ. ಋಣ ಬದಿಯಲ್ಲಿ ಹತ್ತು, ಧನ ಬದಿಯಲ್ಲಿ ಒಂಬತ್ತು, ನಡುವೆ ಸೊನ್ನೆ. ಎಲ್ಲವನ್ನೂ ಕೂಡಿದರೆ −10. 20ರಿಂದ ಭಾಗಿಸಿದರೆ ಸರಾಸರಿ −0.5. ಎಂದರೆ ಹಸು ಒಂದೊಂದು ಸಲ ಹೊರಡುವಾಗಲೂ, ಸರಾಸರಿ ಲೆಕ್ಕದಲ್ಲಿ, ಅರ್ಧ ಘನದಷ್ಟು ಪಶ್ಚಿಮಕ್ಕೂ ಅರ್ಧ ಘನದಷ್ಟು ಉತ್ತರಕ್ಕೂ ವಾಲುತ್ತದೆ. ಒಂದು ಸಲದ ನಡಿಗೆಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಸು ಪೂರ್ವಕ್ಕೂ ಹೋಗುತ್ತದೆ, ದಕ್ಷಿಣಕ್ಕೂ ಹೋಗುತ್ತದೆ. ನೂರು ಸಲ ನಡೆದ ಮೇಲೆ ಮೂಲೆಯಲ್ಲಿ ನಿಂತಿರುತ್ತದೆ. ಮುಂದಿನ ಆವೃತ್ತಿಗಳ ಸೂತ್ರದಲ್ಲಿ 20ರ ಜಾಗಕ್ಕೆ 21 ಬಂತು. ಆಗ ಸಂಖ್ಯೆಗಳು −10ರಿಂದ 10ರವರೆಗೆ ಸಮನಾಗಿ ಹರಡುತ್ತವೆ, ಸರಾಸರಿ ಸೊನ್ನೆ.

ಬೋಧನಾಭ್ಯಾಸದ ಸಂಚಿಕೆಗೆ ಆಟದ ವಿಷಯ ಏಕೆ ಎಂದು ಓದುಗರು ಕೇಳಬಹುದು. ಸೇತುಬಂಧದ ದಿನಗಳಲ್ಲಿ ನಾನು 8ನೇ ತರಗತಿಗೆ ಪೂರ್ಣಾಂಕಗಳನ್ನು ಪುನರಾವರ್ತನೆ ಮಾಡಿಸುವಾಗ ಈ ಹಸುಗಳನ್ನು ತರಗತಿಗೆ ಕರೆದೊಯ್ದೆ. ಅವು ಪೂರ್ಣಾಂಕ ಕಲಿಸಲು ನೆರವಾದವು ಎಂಬುದು ಚಿಕ್ಕ ವಿಷಯ. ಮಕ್ಕಳ ಉತ್ತರಪತ್ರಿಕೆಯನ್ನು ಓದುವ ಬಗೆಯನ್ನು ಅವು ನನಗೆ ಕಲಿಸಿದವು. ಅದನ್ನು ಹೇಳುವುದಕ್ಕಾಗಿ ಈ ಬರಹ.

ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಸಿಗುವ ಹಾಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾವು ಏಣಿ ಆಟದ ದಾಳಗಳು, ಗ್ರಾಫ್ ಹಾಳೆ, ಹುಣಸೆ ಬೀಜ ಇಷ್ಟೇ ಸಾಮಗ್ರಿ. ಹಾಳೆಯ ಮೇಲೆ ಎಲ್ಲ ಬದಿಗೂ ಹತ್ತು ಹತ್ತು ಮನೆ ಇರುವಂತೆ ಒಂದು ದೊಡ್ಡಿ ಬರೆಯುವುದು. ನಟ್ಟ ನಡುವಿನ ಸೊನ್ನೆಯಲ್ಲಿ ಹುಣಸೆ ಬೀಜದ ಹಸುವನ್ನು ನಿಲ್ಲಿಸುವುದು. ಪ್ರತಿ ಸರದಿಗೆ ದಾಳವನ್ನು ಎರಡು ಸಲ ಉರುಳಿಸುವುದು. ಮೊದಲನೆಯದು ಪೂರ್ವ–ಪಶ್ಚಿಮಕ್ಕೆ, ಎರಡನೆಯದು ಉತ್ತರ–ದಕ್ಷಿಣಕ್ಕೆ. ಬಿದ್ದ ಸಂಖ್ಯೆಯಿಂದ 4 ಕಳೆದರೆ ಬರುವುದೇ ಹಸು ಇಡಬೇಕಾದ ಹೆಜ್ಜೆ. 6 ಬಿದ್ದರೆ +2, 1 ಬಿದ್ದರೆ −3, 4 ಬಿದ್ದರೆ ನಿಂತಲ್ಲೇ ನಿಲ್ಲುವುದು. ಋಣ ಬಂದರೆ ಪಶ್ಚಿಮಕ್ಕೆ ಅಥವಾ ಉತ್ತರಕ್ಕೆ. ಬೇಲಿ ಸಿಕ್ಕರೆ ಅಲ್ಲೇ ನಿಲ್ಲಬೇಕು. ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು, 'ಹಸು ಎಲ್ಲಿಗೆ ಬೇಕಾದರೂ ಹೋಗಬಹುದು' ಎಂದಷ್ಟೇ ಹೇಳಿದೆ. ನಾಲ್ಕು ನಾಲ್ಕು ಮಕ್ಕಳ ಹನ್ನೊಂದು ಗುಂಪು.

ಐದು ಸರದಿ ಮುಗಿದಾಗ ನಿಲ್ಲಿಸಿ ಕೇಳಿದೆ. ಯಾರಿಗೂ ಏನೂ ವಿಶೇಷ ಕಂಡಿರಲಿಲ್ಲ. ಹಸುಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಇಪ್ಪತ್ತು ಸರದಿ ಮುಗಿದ ಮೇಲೆ ಎಲ್ಲ ಗುಂಪಿನವರೂ ಹಾಳೆಯನ್ನು ಒಂದೇ ದಿಕ್ಕಿಗೆ ಹಿಡಿದು ಎತ್ತಿ ತೋರಿಸಿದರು. ಹನ್ನೊಂದರಲ್ಲಿ ಒಂಬತ್ತು ಹಸುಗಳು ವಾಯವ್ಯದ ಕಾಲು ಭಾಗದಲ್ಲಿದ್ದವು. ತರಗತಿಯಲ್ಲಿ ಗದ್ದಲವೆದ್ದಿತು. ಆ ಗದ್ದಲದಲ್ಲಿ ಕೇಳಿಬಂದ ಕಾರಣಗಳನ್ನು ಅಂದೇ ಸಂಜೆ ಬರೆದಿಟ್ಟುಕೊಂಡೆ.

"ದಾಳ ಸರಿ ಇಲ್ಲ ಸಾರ್."

"ಇವಳ ಕೈಗುಣವೇ ಹಂಗೆ, ಲೂಡೋದಲ್ಲೂ ಇವಳಿಗೆ ಆರು ಬೀಳಲ್ಲ."

"ಅವರು ಸರಿಯಾಗಿ ಎಣಿಸಿಲ್ಲ ಸಾರ್, ಗಮನ ಇಲ್ದೆ ಆಡಿದಾರೆ."

"ನಮ್ಮಜ್ಜಿ ಹೇಳ್ತಾರೆ, ಕೊಟ್ಟಿಗೆ ವಾಯುಮೂಲೇಲೇ ಇರ್ಬೇಕಂತೆ. ಅದಕ್ಕೇ ಹೋಗಿದಾವೆ."

ಕೊನೆಯದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಾಲ್ಕು ಕಾರಣಗಳನ್ನೂ ಒಟ್ಟಿಗೆ ಇಟ್ಟು ನೋಡಿ. ದಾಳದ ದೋಷ, ಕೈಯ ದೋಷ, ಗಮನದ ದೋಷ, ಮೂಲೆಯ ಮಹಿಮೆ. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದ ನಿಯಮದ ಕಡೆಗೆ ಆ ಹೊತ್ತಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ನಿಯಮವನ್ನು ಎಲ್ಲರೂ ತಪ್ಪದೆ ಪಾಲಿಸಿದ್ದರು. ಆದ್ದರಿಂದ ಅದರ ಮೇಲೆ ಅನುಮಾನ ಬರಲಿಲ್ಲ.

ಮುಂದಿನ ಹತ್ತು ನಿಮಿಷ ಮಕ್ಕಳೇ ದಾರಿ ಹುಡುಕಿಕೊಂಡರು. ದಾಳದಲ್ಲಿ ಬೀಳಬಹುದಾದ ಆರು ಹೆಜ್ಜೆಗಳನ್ನು ಸಾಲಾಗಿ ಬರೆಯಲು ಹೇಳಿದೆ: −3, −2, −1, 0, 1, 2. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೂಡಿ, "ಮೈನಸ್ ಮೂರು ಬರ್ತದೆ, ಸೊನ್ನೆ ಬರ್ಬೇಕಿತ್ತಲ್ವಾ?" ಎಂದಳು. ಆರರಿಂದ ಭಾಗಿಸಿದರೆ ಸರಾಸರಿ −0.5, ಕಂಪ್ಯೂಟರಿನ ಹಸುವಿನದೂ ಇಷ್ಟೇ. ಇಪ್ಪತ್ತು ಸರದಿಗೆ ಸರಾಸರಿ ಹತ್ತು ಮನೆ ಪಶ್ಚಿಮಕ್ಕೆ, ಹತ್ತು ಮನೆ ಉತ್ತರಕ್ಕೆ. ಮೂಲೆಯ ರಹಸ್ಯ ಅಷ್ಟೆ. ಸರಿಪಡಿಸುವುದು ಹೇಗೆ ಎಂದು ಕೇಳಿದ್ದಕ್ಕೆ, "ಒಂದು ಬಿದ್ರೆ ಅದನ್ನ ಬಿಟ್ಟು ಇನ್ನೊಂದ್ಸಲ ಹಾಕೋಣ" ಎಂದು ಹಿಂದಿನಿಂದ ಒಬ್ಬ ಹೇಳಿದ. ಆಗ ಉಳಿಯುವುದು −2, −1, 0, 1, 2. ಆಟ ಬರೆದವರು ಒಂದು ಸಂಖ್ಯೆ ಸೇರಿಸಿ ಸಮ ಮಾಡಿದರು. ಈ ಹುಡುಗ ಒಂದು ತೆಗೆದು ಸಮ ಮಾಡಿದ. ಎರಡರ ತಿರುಳು ಒಂದೇ: ಸೊನ್ನೆ ನಡುವೆ ಕೂರಬೇಕು. −10ರಿಂದ 10ರವರೆಗೆ ಎಷ್ಟು ಪೂರ್ಣಾಂಕಗಳಿವೆ ಎಂದು ಕೇಳಿದರೆ ಅನೇಕ ಮಕ್ಕಳು 20 ಎನ್ನುತ್ತಾರೆ. ಸೊನ್ನೆಯನ್ನು ಎಣಿಸಲು ಮರೆತಿರುತ್ತಾರೆ. ಅಂದು ಆ ಪ್ರಶ್ನೆಗೆ 21 ಎಂಬ ಉತ್ತರ ತರಗತಿಯ ಎಲ್ಲ ಕಡೆಯಿಂದಲೂ ಬಂತು.

ಪಾಠ ಇಲ್ಲಿಗೆ ಮುಗಿಯಿತು. ನಾನು ಹೇಳಬೇಕಾದದ್ದು ಇಲ್ಲಿಂದ ಶುರುವಾಗುತ್ತದೆ.

"ಒಂದು ಬಿದ್ರೆ ಬಿಟ್ಟುಬಿಡೋಣ" ಎಂದು ಹೇಳಿದ ಹುಡುಗನ ಹೆಸರು ಪರಿಹಾರ ಬೋಧನೆಯ ಪಟ್ಟಿಯಲ್ಲಿತ್ತು. ಪೂರ್ವ ಪರೀಕ್ಷೆಯಲ್ಲಿ ಪೂರ್ಣಾಂಕಗಳ ಸಂಕಲನದ ಹತ್ತು ಲೆಕ್ಕಗಳಲ್ಲಿ ಅವನಿಗೆ ಸರಿಯಾದದ್ದು ನಾಲ್ಕು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕಾರಣದ ಅಂಕಣದಲ್ಲಿ 'ಅಜಾಗರೂಕತೆ' ಎಂದು ಬರೆದಿತ್ತು. ಮಾರ್ಗದರ್ಶಕ ಶಿಕ್ಷಕಿ ಹಾಗೆ ಬರೆದದ್ದಕ್ಕೆ ಆಧಾರವೂ ಇತ್ತು. "ನೋಡಿ, ಎರಡೂ ಋಣ ಸಂಖ್ಯೆ ಇರೋ ಕಷ್ಟದ ಲೆಕ್ಕ ಸರಿ ಮಾಡಿದಾನೆ. ಸುಲಭದ್ದು ತಪ್ಪು. ಬರೋದಿಲ್ಲ ಅಂತಲ್ಲ, ಮನಸ್ಸಿಟ್ಟು ಮಾಡಲ್ಲ" ಎಂದು ಅವರು ಹೇಳಿದ್ದರು. ಹುಡುಗನ ಅಭಿಪ್ರಾಯ ಇದಕ್ಕಿಂತ ಕಠಿಣವಾಗಿತ್ತು. ಊಟದ ಬಿಡುವಿನಲ್ಲಿ ಮಾತಾಡಿಸಿದಾಗ, "ನಂಗೆ ಗಣಿತ ಬರಲ್ಲ ಸಾರ್. ನಮ್ಮನೇಲಿ ಯಾರಿಗೂ ಬರಲ್ಲ" ಎಂದ. ಮನೆತನದ ಆಸ್ತಿಯ ಬಗ್ಗೆ ಹೇಳುವಂತೆ, ಬೇಸರವೂ ಇಲ್ಲದೆ ಹೇಳಿದ.

ಹಸುಗಳ ಪಾಠವಾದ ಸಂಜೆ ಅವನ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಈ ಸಲ ಸರಿ–ತಪ್ಪು ಗುರುತುಗಳನ್ನು ಬಿಟ್ಟು ಅವನು ಬರೆದ ಉತ್ತರಗಳನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡೆ:

4 + 5 = 9
(−7) + 3 = −10
(−8) + (−3) = −11
6 + (−2) = 8
(−5) + 2 = −7
(−1) + (−9) = −10
3 + (−10) = 13
(−4) + 9 = −13
12 + (−12) = 24
(−6) + (−6) = −12

ಓದುಗರು ಇಲ್ಲಿ ಒಂದು ನಿಮಿಷ ನಿಂತು, ಮುಂದೆ ಓದುವ ಮೊದಲು ತಾವೇ ನೋಡಬೇಕೆಂದು ಕೋರುತ್ತೇನೆ.

ಹತ್ತು ಉತ್ತರಗಳ ಹಿಂದೆಯೂ ಇರುವುದು ಒಂದೇ ನಿಯಮ. ಚಿಹ್ನೆಗಳನ್ನು ಬಿಟ್ಟು ಎರಡೂ ಸಂಖ್ಯೆಗಳನ್ನು ಕೂಡು. ಬಂದ ಮೊತ್ತಕ್ಕೆ ಮೊದಲ ಸಂಖ್ಯೆಯ ಚಿಹ್ನೆ ಹಾಕು. ಈ ನಿಯಮವನ್ನು ಅವನು ಹತ್ತು ಲೆಕ್ಕಗಳಲ್ಲೂ ಒಮ್ಮೆಯೂ ತಪ್ಪದೆ ಪಾಲಿಸಿದ್ದಾನೆ. ಕೂಡುವುದರಲ್ಲಿ ಒಂದು ತಪ್ಪೂ ಇಲ್ಲ. ಅಜಾಗರೂಕ ಹುಡುಗ ಹೀಗೆ ಮಾಡಲಾರ. ಇನ್ನೂ ಮುಖ್ಯವಾದ ಮಾತೊಂದಿದೆ. ಅವನಿಗೆ ಸರಿ ಎಂದು ಅಂಕ ಸಿಕ್ಕ ನಾಲ್ಕು ಲೆಕ್ಕಗಳೂ ಅದೇ ನಿಯಮದಿಂದಲೇ ಬಂದವು. ಎರಡೂ ಸಂಖ್ಯೆಗಳ ಚಿಹ್ನೆ ಒಂದೇ ಆಗಿದ್ದಾಗ ಅವನ ನಿಯಮವೂ ನಿಜವಾದ ನಿಯಮವೂ ಒಂದೇ ಉತ್ತರ ಕೊಡುತ್ತವೆ. 'ಕಷ್ಟದ್ದು ಸರಿ, ಸುಲಭದ್ದು ತಪ್ಪು' ಎಂದು ನಮಗೆ ಕಂಡದ್ದು ಅವನ ಕಡೆಯಿಂದ ನೋಡಿದರೆ ಹತ್ತು ಒಂದೇ ಬಗೆಯ ಲೆಕ್ಕಗಳು. ಹಸು ಪೂರ್ವಕ್ಕೆ ಎರಡು ಹೆಜ್ಜೆ ಹಾಕಿದ್ದನ್ನು ಕಂಡು ಅದಕ್ಕೆ ದಾರಿ ಗೊತ್ತಿದೆ ಎಂದುಕೊಂಡ ಹಾಗೆ ನಾಲ್ಕು ಸರಿ ಉತ್ತರಗಳನ್ನು ಕಂಡು ಅವನಿಗೆ ವಿಷಯ ಗೊತ್ತಿದೆ, ಗಮನ ಸಾಲದು ಎಂದು ತೀರ್ಮಾನವಾಗಿತ್ತು.

ಈ ವಿಚಾರ ಹೊಸದಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಮಕ್ಕಳ ವ್ಯವಕಲನದ ತಪ್ಪುಗಳನ್ನು ಕಂಪ್ಯೂಟರ್ ಪ್ರೋಗ್ರಾಮಿನ 'ಬಗ್'ಗಳ ಹಾಗೆ ನೋಡಿತು. ಉದಾಹರಣೆಗೆ 503ರಿಂದ 278 ಕಳೆಯುವಾಗ ಮಗು 375 ಎಂದು ಬರೆಯುತ್ತದೆ ಎನ್ನಿ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕು ಎಂಬುದು ಆ ಮಗುವಿನ ನಿಯಮ: 8ರಿಂದ 3 ಹೋದರೆ 5, 7ರಿಂದ 0 ಹೋದರೆ 7, 5ರಿಂದ 2 ಹೋದರೆ 3. ದಶಕ ತರುವ ಅಗತ್ಯವಿಲ್ಲದ ಲೆಕ್ಕ ಕೊಟ್ಟರೆ ಇದೇ ನಿಯಮ ಸರಿ ಉತ್ತರ ಕೊಡುತ್ತದೆ, ದೋಷ ಅಡಗಿಕೊಳ್ಳುತ್ತದೆ. ಆ ಸಂಶೋಧಕರು 'ಬಗ್ಗಿ' ಎಂಬ ಕಂಪ್ಯೂಟರ್ ಆಟವನ್ನೂ ಸಿದ್ಧಪಡಿಸಿದ್ದರು. ಅದರಲ್ಲಿ ಕಂಪ್ಯೂಟರ್ ತಪ್ಪು ನಿಯಮವೊಂದನ್ನು ಇಟ್ಟುಕೊಂಡ ವಿದ್ಯಾರ್ಥಿಯ ಪಾತ್ರ ವಹಿಸುತ್ತದೆ. ಆಡುವವರು ಲೆಕ್ಕಗಳನ್ನು ಕೊಟ್ಟು ಕೊಟ್ಟು ಆ ನಿಯಮ ಯಾವುದೆಂದು ಪತ್ತೆ ಹಚ್ಚಬೇಕು. ಅದನ್ನು ಆಡಿದವರಲ್ಲಿ ನಮ್ಮಂಥ ಪ್ರಶಿಕ್ಷಣಾರ್ಥಿಗಳೂ ಇದ್ದರು. ಸೆಮೊರ್ ಪ್ಯಾಪರ್ಟ್ 1980ರ ತಮ್ಮ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಇದೇ ಹಾದಿಯ ಇನ್ನೊಂದು ಮಾತನ್ನು ಎತ್ತಿದರು. ಪ್ರೋಗ್ರಾಂ ಬರೆಯುವ ಮಗು ತನ್ನ ತಪ್ಪನ್ನು ಅಳಿಸಿಹಾಕುವ ಬದಲು ಅದು ಎಲ್ಲಿಂದ ಬಂತು ಎಂದು ಹುಡುಕುವುದನ್ನು ಕಲಿಯುತ್ತದೆ ಎಂಬುದು ಅವರ ನಿಲುವು. ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಕೆಂಪು ಗುರುತು ಬಿದ್ದ ಮೇಲೆ ಮಗುವಿಗೆ ಉಳಿಯುವ ಕೆಲಸ ಅಳಿಸುವುದೊಂದೇ.

ಮರುದಿನ ಆ ಹುಡುಗನನ್ನು ಕೂರಿಸಿಕೊಂಡು, ಯಾವುದು ಸರಿ ಯಾವುದು ತಪ್ಪು ಎಂದು ಹೇಳದೆ, (−7) + 3 ಮಾಡಿದ್ದು ಹೇಗೆ ಎಂದು ಕೇಳಿದೆ. "ಚಿಹ್ನೆ ನೋಡಿ ಕೂಡ್ಬೇಕು, ಕೂಡಿ ಅದೇ ಚಿಹ್ನೆ ಹಾಕ್ಬೇಕು ಅಂತ ಇದೆಯಲ್ಲ ಸಾರ್" ಎಂದ. 'ಒಂದೇ ಚಿಹ್ನೆ ಇದ್ದರೆ ಕೂಡಿ ಅದೇ ಚಿಹ್ನೆ ಹಾಕು' ಎಂದು ನಾವೆಲ್ಲ ಕಲಿತ ಸೂತ್ರದ ಮೊದಲರ್ಧ ಕಳಚಿಹೋಗಿ ಎರಡನೆಯ ಅರ್ಧ ಅವನಲ್ಲಿ ಉಳಿದಿತ್ತು. ಅವನು ನಿಯಮವನ್ನು ಹುಟ್ಟಿಸಿಕೊಂಡಿರಲಿಲ್ಲ. ತರಗತಿಯಲ್ಲಿ ಕೇಳಿದ್ದನ್ನೇ ಎಲ್ಲ ಕಡೆಗೂ ಹಚ್ಚಿದ್ದ.

ಗ್ರಾಫ್ ಹಾಳೆ ಮತ್ತು ಹುಣಸೆ ಬೀಜ ಕೊಟ್ಟೆ. ಹಸುವನ್ನು −7ರಲ್ಲಿ ನಿಲ್ಲಿಸಿ ಮೂರು ಹೆಜ್ಜೆ ಧನ ದಿಕ್ಕಿಗೆ ನಡೆಸು ಎಂದೆ. ಬೀಜ −4ಕ್ಕೆ ಬಂತು. ಪಕ್ಕದಲ್ಲಿ ಅವನದೇ ಅಕ್ಷರದಲ್ಲಿ −10 ಎಂದಿತ್ತು. ಅವನು ಒಮ್ಮೆ ಹಾಳೆಯನ್ನು, ಒಮ್ಮೆ ಉತ್ತರವನ್ನು ನೋಡಿ, "ಹಸು ಈ ಕಡೆ ಬಂತು, ನಾನು ಆ ಕಡೆ ಕಳಿಸಿದೀನಿ" ಎಂದ. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ತಪ್ಪಾದ ಉಳಿದ ಐದನ್ನೂ ತಾನೇ ಬೀಜ ಓಡಿಸಿ ತಿದ್ದಿದ. 12 + (−12)ಕ್ಕೆ ದೊಡ್ಡಿ ಸಾಲದೆ ಬೇಲಿಯ ಆಚೆಗೆ ಎರಡು ಮನೆ ಬರೆದುಕೊಂಡ. ಬೀಜ ಸೊನ್ನೆಗೆ ಬಂದು ನಿಂತಾಗ, "ಇಪ್ಪತ್ನಾಲ್ಕಂತೆ!" ಎಂದು ತನ್ನ ಉತ್ತರಕ್ಕೆ ತಾನೇ ನಕ್ಕ. ಗಣಿತದ ಪುಸ್ತಕ ಮುಂದಿಟ್ಟುಕೊಂಡು ಅವನು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಈ ಉತ್ತರಗಳ ಹಾಳೆಯನ್ನು ಮಾರ್ಗದರ್ಶಕ ಶಿಕ್ಷಕಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ಮೇಲಿನಿಂದ ಕೆಳಗೆ ಓದಿದರು. "ಇದು ಸರಿ" ಎಂದು ಒಪ್ಪಿದರು. ಆಮೇಲೆ, "ನಿಮಗೆ ಈ ಒಂದು ತರಗತಿ. ನನಗೆ ಮೂರು. ಪ್ರತಿಯೊಬ್ಬರದನ್ನೂ ಹೀಗೆ ಇಳಿಸ್ಕೊಂಡು ಕೂತ್ರೆ ಪಾಠ ಮುಗಿಸೋದು ಯಾವಾಗ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಸುಮ್ಮನೆ ದಾಟುವಂತಿಲ್ಲ. ನಾಳೆ ನಾವು ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮುಂದೆಯೂ ಇದೇ ಪ್ರಶ್ನೆ ನಿಲ್ಲುತ್ತದೆ. ಮಗುವಿನ ಮನಸ್ಸನ್ನು ಅರಿಯಬೇಕು ಎಂದು ಪ್ರಬಂಧದಲ್ಲಿ ಬರೆಯುವುದು ಸುಲಭ; ಮೂರು ತರಗತಿಗಳ ಉತ್ತರಪತ್ರಿಕೆ ಮೇಜಿನ ಮೇಲಿರುವಾಗ ಅರಿಯುವುದು ಬೇರೆ ಮಾತು.

ನನಗೆ ಹೊಳೆದ ಉತ್ತರ ಲೆಕ್ಕಗಳ ಆಯ್ಕೆಯಲ್ಲಿದೆ. ಆ ಹತ್ತು ಲೆಕ್ಕಗಳಲ್ಲಿ (−8) + (−3) ಎಂಬುದನ್ನು ತೆಗೆದುಕೊಳ್ಳಿ. ನಿಜವಾದ ನಿಯಮ ಗೊತ್ತಿದ್ದವನೂ −11 ಬರೆಯುತ್ತಾನೆ, ನಮ್ಮ ಹುಡುಗನೂ −11 ಬರೆಯುತ್ತಾನೆ. ಅಂಕ ಸಿಗುತ್ತದೆ, ಸುದ್ದಿ ಸಿಗುವುದಿಲ್ಲ. ಈಗ (−4) + 9 ತೆಗೆದುಕೊಳ್ಳಿ. ಸರಿ ಉತ್ತರ 5. ಕೂಡಿ ಮೊದಲ ಸಂಖ್ಯೆಯ ಚಿಹ್ನೆ ಹಾಕುವ ಮಗು −13 ಬರೆಯುತ್ತದೆ. ಚಿಹ್ನೆ ಬೇರೆಯಾದರೆ ಕಳೆಯಬೇಕು ಎಂದು ತಿಳಿದಿದ್ದು, ಯಾವ ಚಿಹ್ನೆ ಹಾಕಬೇಕೆಂದು ತಿಳಿಯದೆ ಮೊದಲನೆಯದನ್ನೇ ಹಾಕುವ ಮಗು −5 ಬರೆಯುತ್ತದೆ. ಋಣ ಚಿಹ್ನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಮಗು 13 ಬರೆಯುತ್ತದೆ. ಒಂದೇ ಲೆಕ್ಕ, ನಾಲ್ಕು ಉತ್ತರ, ಪ್ರತಿ ಉತ್ತರದ ಹಿಂದೆ ಬೇರೆ ಬೇರೆ ಯೋಚನೆ. ಇಲ್ಲಿ (−7) + 3 ಇಷ್ಟು ಒಳ್ಳೆಯ ಲೆಕ್ಕವಲ್ಲ. ಎರಡನೆಯ ಬಗೆಯ ಮಗು ಅಲ್ಲಿ −4 ಎಂದು ಬರೆದು ಸರಿಯಾದವರ ಸಾಲಿಗೆ ಸೇರಿಹೋಗುತ್ತದೆ.

44 ಉತ್ತರಪತ್ರಿಕೆಗಳಲ್ಲಿ ಈ ಒಂದೇ ಲೆಕ್ಕವನ್ನು ತಿರುವಿ ನೋಡಲು ಕಾಲು ಗಂಟೆಯೂ ಬೇಕಾಗಲಿಲ್ಲ. −13 ಬರೆದವರು ಆ ಹುಡುಗನೂ ಸೇರಿ ಏಳು ಮಂದಿ. −5 ಬರೆದವರು ಅದಕ್ಕಿಂತ ಒಬ್ಬರು ಹೆಚ್ಚು. ಹೆಚ್ಚು ಅಂಕ ಪಡೆದು ಪರಿಹಾರ ಬೋಧನೆಯ ಪಟ್ಟಿಯಿಂದ ಹೊರಗಿದ್ದ ಕೆಲವರೂ ಇವರಲ್ಲಿದ್ದರು. ದಾರಿ ತಪ್ಪಿದ್ದರೂ ಲೆಕ್ಕಗಳು ಅವರ ದಾರಿಗೆ ಅನುಕೂಲವಾಗಿ ಬಿದ್ದಿದ್ದವು, ಅಷ್ಟೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಅಗತ್ಯ ಆಗ ಉಳಿಯಲಿಲ್ಲ. −13 ಬರೆದವರನ್ನು ಒಂದು ಗುಂಪು, −5 ಬರೆದವರನ್ನು ಇನ್ನೊಂದು ಗುಂಪು ಮಾಡಿ ಎರಡು ಅವಧಿಗಳಲ್ಲಿ ಬೇರೆ ಬೇರೆ ಕೆಲಸ ಕೊಡಲಾಯಿತು. ಮೊದಲ ಗುಂಪಿಗೆ ಹಸು ಯಾವ ಕಡೆಗೆ ನಡೆಯುತ್ತದೆ ಎಂಬ ಕೆಲಸ. ಎರಡನೆಯ ಗುಂಪಿಗೆ ಹಸು ಸೊನ್ನೆಯನ್ನು ದಾಟುತ್ತದೋ ಇಲ್ಲವೋ ಎಂಬ ಕೆಲಸ. ಎರಡನೆಯ ಗುಂಪನ್ನು ಶಿಕ್ಷಕಿಯೇ ನಡೆಸಿದರು. ದಾಳ ಅವರ ಕೈಯಲ್ಲೂ ಇತ್ತು.

ಸಹಪಾಠಿಗಳಿಗೆ ಮೂರು ಮಾತು ಹೇಳಬಹುದು ಎನಿಸುತ್ತದೆ. ನೈದಾನಿಕ ಪರೀಕ್ಷೆಗೆ ಲೆಕ್ಕ ಆರಿಸುವಾಗ, ನಿಯಮ ತಪ್ಪಾಗಿದ್ದರೂ ಸರಿ ಉತ್ತರ ಬಂದುಬಿಡುವ ಲೆಕ್ಕಗಳನ್ನು ಕಡಿಮೆ ಮಾಡಬೇಕು. ಉತ್ತರ ಸರಿ ಎಂದು ಗುರುತು ಹಾಕುವ ಮೊದಲು ಅದೇ ಮಗುವಿನ ತಪ್ಪು ಉತ್ತರಗಳ ಪಕ್ಕದಲ್ಲಿ ಅದನ್ನು ಇಟ್ಟು ಓದಬೇಕು. ಎರಡೂ ಒಂದೇ ದಾರಿಯಿಂದ ಬಂದಿರಬಹುದು. ಮೂರನೆಯದು, ನಮ್ಮ ವೀಕ್ಷಣಾ ದಾಖಲೆಯ 'ಕಾರಣ' ಎಂಬ ಅಂಕಣದಲ್ಲಿ ಮಗುವಿನ ಸ್ವಭಾವವನ್ನು ಬರೆಯುವ ಬದಲು ಮಗು ಬಳಸಿದ ನಿಯಮವನ್ನು ಬರೆಯಬೇಕು. 'ಅಜಾಗರೂಕತೆ', 'ಆಸಕ್ತಿ ಇಲ್ಲ', 'ಮಂದಗತಿ' ಎಂಬ ಮಾತುಗಳು ನನ್ನ ತರಗತಿಯ ಮಕ್ಕಳು ಹೇಳಿದ 'ಕೈಗುಣ', 'ಗಮನ ಇಲ್ಲ', 'ವಾಯುಮೂಲೆ'ಗಳ ಹಾಗೆಯೇ. ಅವುಗಳನ್ನು ಓದಿದವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. 'ಕೂಡಿ ಮೊದಲ ಚಿಹ್ನೆ ಹಾಕುತ್ತಾನೆ' ಎಂದು ಬರೆದರೆ ನಾಳೆ ತರಗತಿಗೆ ಬರುವ ಯಾರು ಬೇಕಾದರೂ ಅಲ್ಲಿಂದ ಮುಂದುವರಿಸಬಹುದು.

ಎಲ್ಲ ತಪ್ಪುಗಳಿಗೂ ಹೀಗೆ ಒಂದು ನಿಯಮ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಅದೇ ತರಗತಿಯ ಎರಡು ಮೂರು ಉತ್ತರಪತ್ರಿಕೆಗಳಲ್ಲಿ ಎಷ್ಟು ನೋಡಿದರೂ ಯಾವ ಸಾಲೂ ಮೂಡಲಿಲ್ಲ. ಒಬ್ಬಳು ಅಂದು ಜ್ವರದಲ್ಲಿ ಪರೀಕ್ಷೆ ಬರೆದಿದ್ದಳು ಎಂಬುದು ಆಮೇಲೆ ತಿಳಿಯಿತು. ನಿಜವಾಗಿಯೂ ಗಮನ ತಪ್ಪಿದ ತಪ್ಪುಗಳು ಎಲ್ಲ ದಿಕ್ಕಿಗೂ ಚದುರಿರುತ್ತವೆ. ಒಂದೇ ಮೂಲೆಯಲ್ಲಿ ಬಂದು ಸೇರಿದ್ದರೆ ಮಾತ್ರ ಹಿಂದೆ ಒಂದು ನಿಯಮವಿದೆ ಎಂದು ಅನುಮಾನಿಸಬೇಕು. ಚದುರಿದ್ದು ಮತ್ತು ಸೇರಿದ್ದು, ಇವೆರಡನ್ನು ಬೇರೆ ಮಾಡಿ ನೋಡುವುದೇ ಉತ್ತರಪತ್ರಿಕೆ ಓದುವ ಕೆಲಸ ಎಂದು ನನಗೀಗ ತೋರುತ್ತದೆ.

ಸಾಫಲ್ಯ ಪರೀಕ್ಷೆಯಲ್ಲಿ ಆ ಹುಡುಗ ಸಂಕಲನದ ಲೆಕ್ಕಗಳನ್ನೆಲ್ಲ ಸರಿ ಮಾಡಿದ. ವ್ಯವಕಲನದಲ್ಲಿ (−4) − (−6)ಕ್ಕೆ −10 ಎಂದು ಬರೆದಿದ್ದ. ಹಳೆಯ ನಿಯಮ ಅಲ್ಲಿ ಇನ್ನೂ ಜೀವಂತವಾಗಿತ್ತು. ನನ್ನ ಅವಧಿ ಮುಗಿಯಲು ಎರಡು ದಿನವಷ್ಟೇ ಉಳಿದಿತ್ತು. ಪರಿಹಾರ ಬೋಧನೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದಿದ್ದ ಪದವನ್ನು ಶಿಕ್ಷಕಿ ತಾವೇ ಹೊಡೆದುಹಾಕಿ, ಪಕ್ಕದಲ್ಲಿ ಬರೆಯಲು ನನಗೆ ಪೆನ್ನು ಕೊಟ್ಟರು. ನಾನು ಹೀಗೆ ಬರೆದೆ: 'ಸಂಕಲನ ಬರುತ್ತದೆ. ಋಣ ಸಂಖ್ಯೆಯನ್ನು ಕಳೆಯುವಾಗ ಈಗಲೂ ಕೂಡಿ ಮೊದಲ ಚಿಹ್ನೆ ಹಾಕುತ್ತಾನೆ. −4ರಲ್ಲಿ ನಿಂತ ಹಸು ಯಾವ ಕಡೆ ಮುಖ ಮಾಡಬೇಕು ಎಂದು ಕೇಳಿ; ಅಲ್ಲಿಂದ ಅವನೇ ಮಾಡುತ್ತಾನೆ.'